ಟ್ಯಾಂಕು ಖಾಲಿ ಮಾಡುವ ಕೆಲಸ

ಅಮೆರಿಕದಲ್ಲಿರುವ ನಮ್ಮ ಕಡೆಯವರು ರಜೆಗೆ ಆರ್‌ವಿ, ಅಂದರೆ ಮನೆಯ ಹಾಗೆ ಒಳಗೇ ಉಳಿದುಕೊಳ್ಳುವ ಗಾಡಿ, ಬಾಡಿಗೆಗೆ ಹಿಡಿದು ಹೊರಟರೆ, ಗಾಡಿ ಹತ್ತುವ ಮುಂಚೆಯೇ ಒಂದು ನಿಯಮ ಮಾಡಿಕೊಳ್ಳುತ್ತಾರೆ. ಒಳಗಿರುವ ಟಾಯ್ಲೆಟ್ ಯಾರೂ ಉಪಯೋಗಿಸಬಾರದು. ರಾತ್ರಿ ಹೊತ್ತು ಮಕ್ಕಳು ಒಂದಕ್ಕೆ ಹೋಗಬಹುದು, ಅಷ್ಟೇ. ಉಳಿದವರು ಪೆಟ್ರೋಲ್ ಬಂಕ್, ರೆಸ್ಟ್ ಏರಿಯಾ, ಕ್ಯಾಂಪ್‌ಗ್ರೌಂಡಿನ ಬಾತ್‌ರೂಮ್ ನೋಡಿಕೊಳ್ಳಬೇಕು. ಗಾಡಿಯಲ್ಲಿರುವ ಹಾಸಿಗೆ, ಒಲೆ, ಫ್ರಿಡ್ಜ್ ಎಲ್ಲ ಬಳಸುತ್ತಾರೆ. ಆ ಒಂದು ಬಾಗಿಲು ಮಾತ್ರ ಮುಚ್ಚಿಯೇ ಇರುತ್ತದೆ. ಮಂಡಿನೋವಿನ ಅತ್ತೆಯೊಬ್ಬರು ನಡುರಾತ್ರಿ ಸ್ವೆಟರ್ ಹಾಕಿಕೊಂಡು, ಟಾರ್ಚ್ ಹಿಡಿದು, ಕ್ಯಾಂಪ್‌ಗ್ರೌಂಡಿನ ಆ ತುದಿಯ ಬಾತ್‌ರೂಮಿಗೆ ನಡೆದು ಹೋಗುವುದನ್ನು ನಾನೇ ನೋಡಿದ್ದೇನೆ. ಅವರು ಮಲಗಿದ್ದ ಜಾಗದಿಂದ ಎರಡು ಹೆಜ್ಜೆ ದೂರದಲ್ಲಿ ಟಾಯ್ಲೆಟ್ ಇತ್ತು.

ಟಾಯ್ಲೆಟ್ಟಿನದೆಲ್ಲ ಗಾಡಿಯ ಕೆಳಗಿನ ಒಂದು ಟ್ಯಾಂಕಿನಲ್ಲಿ ತುಂಬುತ್ತದೆ, ಅದನ್ನು ಪೈಪು ಹಾಕಿ ನಾವೇ ಖಾಲಿ ಮಾಡಬೇಕು. ಯಾಕೆ ಹೀಗೆ ಬಾಗಿಲು ಮುಚ್ಚಿಡುತ್ತೀರಿ ಅಂತ ಕೇಳಿದರೆ ಎಲ್ಲರ ಉತ್ತರವೂ ಒಂದೇ. ವಾಸನೆ. ಆ ದಪ್ಪ ಪೈಪು ಹಿಡಿಯಬೇಕು, ಎಲ್ಲಾದರೂ ಚೆಲ್ಲಿದರೆ, ಮೈಮೇಲೆ ಸಿಡಿದರೆ. ‘ಅದನ್ನ ಖಾಲಿ ಮಾಡೋರು ಯಾರ್ರೀ?’ ಬಹಳ ದಿನ ನಾನೂ ಇದನ್ನು ನಂಬಿದ್ದೆ. ವಾಸನೆ ನಿಜ, ಚೆಲ್ಲುವ ಭಯವೂ ನಿಜ. ಆದರೆ ನಮ್ಮ ಮನೆಗೆ ಒಂದು ಸಣ್ಣ ಪಂಪು ಬಂದಮೇಲೆ ಈ ಎರಡೂ ಕಾರಣ ಹೆಚ್ಚುಕಡಿಮೆ ಇಲ್ಲವಾದವು. ನಾನು ಅದನ್ನು ಖುಷಿಯಿಂದ ಸ್ನೇಹಿತರಿಗೆ ಹೇಳುತ್ತೇನೆ, ಕೆಲವರನ್ನು ಕರೆದು ತೋರಿಸಿದ್ದೂ ಉಂಟು. ಕೇಳುತ್ತಾರೆ, ತಲೆ ಆಡಿಸುತ್ತಾರೆ. ಮುಂದಿನ ರಜೆಗೆ ಮತ್ತೆ ಅದೇ ನಿಯಮ. ಕಾರಣ ಹೋದಮೇಲೂ ನಿಯಮ ಉಳಿದಿದೆ ಅಂದರೆ, ಹೇಳಿದ ಕಾರಣ ಅಸಲಿ ಕಾರಣ ಅಲ್ಲ ಅಂತಲೇ ಅಲ್ವಾ? ಇದು ನನ್ನನ್ನು ಬಿಡದೆ ಕೊರೆಯುತ್ತಿದೆ.

ನೀರು ಮೇಲೆ ಹತ್ತಬೇಕಿತ್ತು

ಆರ್‌ವಿಯಲ್ಲಿ ಓಡಾಡಿದವರಿಗೆ ಮೂರು ಟ್ಯಾಂಕಿನ ಕತೆ ಗೊತ್ತಿರುತ್ತದೆ. ಒಳ್ಳೆ ನೀರಿಗೆ ಒಂದು, ಸಿಂಕು ಮತ್ತು ಸ್ನಾನದ ನೀರಿಗೆ ಗ್ರೇ ಟ್ಯಾಂಕು, ಟಾಯ್ಲೆಟ್ಟಿಗೆ ಬ್ಲ್ಯಾಕ್ ಟ್ಯಾಂಕು. ನಮ್ಮದು ಮಧ್ಯಮ ಗಾತ್ರದ ಕ್ಲಾಸ್ ಸಿ ಗಾಡಿ. ಬ್ಲ್ಯಾಕ್ ಟ್ಯಾಂಕಿಗೆ ಸುಮಾರು 30 ಗ್ಯಾಲನ್, ಅಂದರೆ 115 ಲೀಟರಿನಷ್ಟು ಹಿಡಿಯುತ್ತದೆ. ಮಾಮೂಲಿ ವಿಧಾನ ಸರಳ. ಗಾಡಿಯ ಕೆಳಗಿನ ಬಾಯಿಗೆ 3 ಇಂಚಿನ ಪೈಪು ಸಿಕ್ಕಿಸಿ, ಇನ್ನೊಂದು ತುದಿಯನ್ನು ನೆಲದಲ್ಲಿರುವ ಡ್ರೈನಿಗೆ ಇಳಿಸಿ, ವಾಲ್ವ್ ಎಳೆದರೆ ಎಲ್ಲ ತಾನಾಗಿ ಇಳಿದು ಹೋಗುತ್ತದೆ. ಡ್ರೈನ್ ಗಾಡಿಗಿಂತ ತಗ್ಗಿನಲ್ಲಿದ್ದರೆ ಇದಕ್ಕಿಂತ ಬೇಗ ಆಗುವ ವಿಧಾನ ಇನ್ನೊಂದಿಲ್ಲ. ಯಾವಾಗಲೂ ಸೀವರ್ ಹುಕ್‌ಅಪ್ (ಗಾಡಿ ನಿಂತಲ್ಲೇ ಒಳಚರಂಡಿಗೆ ಜೋಡಿಸುವ ಪೈಪು) ಇರುವ ಆರ್‌ವಿ ಪಾರ್ಕುಗಳಲ್ಲೇ ಉಳಿಯುವವರು ಪಂಪಿಗೆ ದುಡ್ಡು ಹಾಕಬೇಕಾಗಿಯೇ ಇಲ್ಲ.

ನಮ್ಮ ತೊಂದರೆ ಬೇರೆ. ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಕಡೆ ನಮ್ಮ ಮನೆ ಇರುವುದು ಇಳಿಜಾರಿನಲ್ಲಿ. ಗಾಡಿ ನಿಲ್ಲುವುದು ಮನೆಯ ಪಕ್ಕ, ಕೆಳಗಡೆ. ಮನೆಯ ಸೀವರ್ ಪೈಪಿನ ಕ್ಲೀನ್‌ಔಟ್, ಅಂದರೆ ಪೈಪು ಶುಚಿ ಮಾಡಲು ಬಿಟ್ಟಿರುವ ಮುಚ್ಚಳದ ಬಾಯಿ, ಇರುವುದು ಮೇಲ್ಗಡೆ, ಗುಲಾಬಿ ಗಿಡಗಳ ಹತ್ತಿರ. ನಾವು ಹೆಚ್ಚಾಗಿ ಹೋಗುವುದು ಯೊಸೆಮಿಟಿ ನ್ಯಾಷನಲ್ ಪಾರ್ಕಿನಂಥ ಕಡೆ. ಅಲ್ಲಿನ ಪಾರ್ಕ್ ಕ್ಯಾಂಪ್‌ಗ್ರೌಂಡುಗಳಲ್ಲಿ ಸೀವರ್ ಹುಕ್‌ಅಪ್ ಇರುವುದಿಲ್ಲ. ಯೊಸೆಮಿಟಿಯ ಅಪ್ಪರ್ ಪೈನ್ಸ್ ಕ್ಯಾಂಪ್‌ಗ್ರೌಂಡಿನಲ್ಲಿ ಟ್ಯಾಂಕು ಖಾಲಿ ಮಾಡುವ ಒಂದು ಡಂಪ್ ಸ್ಟೇಷನ್ ಇದೆ, ಭಾನುವಾರ ಬೆಳಿಗ್ಗೆ ಎಲ್ಲರೂ ಹೊರಡುವ ಹೊತ್ತಿಗೆ ಅದರ ಮುಂದೆ ಸಾಲು ನಿಂತಿರುತ್ತದೆ. ಮನೆಗೆ ಬಂದು ಖಾಲಿ ಮಾಡಿದರೆ ಅನುಕೂಲ. ಆದರೆ ನೀರು ಮೇಲೆ ಹತ್ತಬೇಕು. ನಮ್ಮ ಊರಿನ ಸೀವರ್ ವಿಭಾಗಕ್ಕೆ ಫೋನ್ ಮಾಡಿ ಕೇಳಿದೆವು. ಸ್ವಂತ ಮನೆಯ ಕ್ಲೀನ್‌ಔಟಿಗೆ ಬಿಡಬಹುದು, ಮಳೆನೀರಿನ ಚರಂಡಿಗೆ ಒಂದು ತೊಟ್ಟೂ ಹೋಗಬಾರದು ಅಂದರು. ಎಲ್ಲ ಊರಲ್ಲೂ ಹೀಗೆ ಒಪ್ಪುವುದಿಲ್ಲ, ಮಾಡುವ ಮುಂಚೆ ಕೇಳಲೇಬೇಕು. ಹಾಗೆ ಬಂದದ್ದು ಮ್ಯಾಸರೇಟರ್ ಪಂಪು.

ಎರಡು ಕೈಯಲ್ಲಿ ಹಿಡಿಯುವಷ್ಟು ದೊಡ್ಡದು ಅದು. ಫ್ಲೋಜೆಟ್, ಜಾಬ್ಸ್ಕೊ ಕಂಪನಿಗಳ ಇಂಥ ಪಂಪುಗಳು ದೋಣಿ, ಹಡಗುಗಳಲ್ಲೂ ಇರುತ್ತವೆ. ಬಾಯಲ್ಲಿ ಒಂದು ಉಕ್ಕಿನ ಬ್ಲೇಡು, ಅದರ ಹಿಂದೆ ರಬ್ಬರಿನ ಇಂಪೆಲ್ಲರ್ (ತಿರುಗುವ ರೆಕ್ಕೆಚಕ್ರ), ಆಮೇಲೆ 12 ವೋಲ್ಟಿನ ಮೋಟರು. ಟ್ಯಾಂಕಿನಿಂದ ಬಂದದ್ದನ್ನು ಬ್ಲೇಡು 3 ಮಿಲಿಮೀಟರಿನಷ್ಟು ಚಿಕ್ಕದಾಗಿ ಅರೆಯುತ್ತದೆ. ಇಂಪೆಲ್ಲರ್ ಅದನ್ನು 1 ಇಂಚಿನ ಹೋಸಿನಲ್ಲಿ ಮುಂದಕ್ಕೆ ತಳ್ಳುತ್ತದೆ. ಏರು ಇಲ್ಲದೆ, ಹೋಸು ಗಿಡ್ಡ ಇದ್ದರೆ ನಿಮಿಷಕ್ಕೆ ಸುಮಾರು 45 ಲೀಟರ್ ಹೋಗುತ್ತದೆ. ಹೋಸು ಉದ್ದ ಆದಷ್ಟೂ, ಏರು ಜಾಸ್ತಿ ಆದಷ್ಟೂ ಇದು ಕಡಿಮೆಯಾಗುತ್ತದೆ. 15ರಿಂದ 20 ಆಂಪ್ ಕರೆಂಟು ಎಳೆಯುತ್ತದೆ, ಕೇಳಲು ದೊಡ್ಡದು. ಆದರೆ ಕೆಲಸ ಐದಾರು ನಿಮಿಷದ್ದು, ಬ್ಯಾಟರಿಗೆ ಗೊತ್ತೂ ಆಗುವುದಿಲ್ಲ. ದಪ್ಪ ವೈರು ಹಾಕಬೇಕು ಅನ್ನುವುದೊಂದೇ ಮುಖ್ಯ. ಸಣ್ಣ ವೈರಿನಲ್ಲಿ ವೋಲ್ಟೇಜ್ ಬಿದ್ದು ಮೋಟರು ಏದುಸಿರು ಬಿಡುತ್ತದೆ.

ಅಪ್ಪ ಮತ್ತು ಪಂಪು

ಅಪ್ಪ ಅಮ್ಮ ತಿಪಟೂರಿನ ಹತ್ತಿರದ ಊರಿನಿಂದ ಬಂದಿದ್ದ ವರ್ಷ ಅವರನ್ನು ಯೊಸೆಮಿಟಿಗೆ ಕರೆದುಕೊಂಡು ಹೋಗಿದ್ದೆವು. ಟಾಯ್ಲೆಟ್ಟಿಗೆ ಬೀಗ ಹಾಕುವ ಮಾತೇ ಇರಲಿಲ್ಲ. ವಾಪಸ್ ಬಂದ ಮಾರನೇ ದಿನ ಬೆಳಿಗ್ಗೆ ನಾನು ಗ್ಲೌಸ್ ಹಾಕಿಕೊಂಡು ಗಾಡಿಯ ಪಕ್ಕ ಕೂತಾಗ ಅಪ್ಪ ಕಾಫಿ ಲೋಟ ಹಿಡಿದುಕೊಂಡು ಬಂದು ನಿಂತರು. ಅಪ್ಪನಿಗೆ ತೆಂಗಿನ ತೋಟ ಇದೆ. ಜೀವನ ಪೂರ್ತಿ ಪಂಪ್‌ಸೆಟ್ಟಿನ ಜೊತೆ ಗುದ್ದಾಡಿದವರು. ಪಂಪು ಕಂಡ ತಕ್ಷಣ ಲೋಟ ಕೆಳಗಿಟ್ಟು ಬಗ್ಗಿದರು.

‘ಇದಕ್ಕೆ ಮೊದ್ಲು ನೀರು ತುಂಬಿಸ್ಬೇಕೇನಮ್ಮಾ?’

ಬೇಡಪ್ಪಾ, ಟ್ಯಾಂಕಿಂದ ತಾನೇ ಎಳ್ಕೊಳ್ಳುತ್ತೆ ಅಂದೆ.

‘ಖಾಲಿ ಓಡಿಸಿದ್ರೆ?’

ಅದೇ ಇದರ ಪ್ರಾಣದ ಪ್ರಶ್ನೆ. ಕೈಪಿಡಿ ಓದದೆ ಮೊದಲ ನೋಟಕ್ಕೇ ಅದನ್ನು ಕೇಳಿದವರು ಅಪ್ಪ ಒಬ್ಬರೇ. ನೀರಿಲ್ಲದೆ ಓಡಿದರೆ ರಬ್ಬರ್ ಇಂಪೆಲ್ಲರ್ ಬಿಸಿಯಾಗಿ ಸುಟ್ಟುಹೋಗುತ್ತದೆ. ಹಾಗಾಗಿ ಹೋಸಿನ ತುದಿಯನ್ನು ಕ್ಲೀನ್‌ಔಟಿನಲ್ಲಿ ಭದ್ರ ಮಾಡಿ, ಬ್ಲ್ಯಾಕ್ ಟ್ಯಾಂಕಿನ ವಾಲ್ವ್ ಎಳೆದು, ಪಂಪಿನ ಬಾಯಿಗೆ ನೀರು ಬಂದದ್ದನ್ನು ನೋಡಿದ ಮೇಲೆಯೇ ಸ್ವಿಚ್ಚು. ನೋಡುವುದಕ್ಕೆ ಅಂತಲೇ ನಾನು ಪಂಪಿಗೂ ಗಾಡಿಗೂ ನಡುವೆ ಪಾರದರ್ಶಕವಾದ ಒಂದು ಮೊಣಕೈ ಪೈಪು ಹಾಕಿದ್ದೇನೆ. ಹೋಸಿನ ತುದಿಯನ್ನು ಸುಮ್ನೆ ಇಟ್ಟರೆ ಆಗುವುದಿಲ್ಲ. ಪಂಪಿನ ಒತ್ತಡಕ್ಕೆ ಅದು ಎದ್ದು ಆಚೆ ಬರುತ್ತದೆ. ತಿರುಪಿನ ಅಡಾಪ್ಟರ್ ಹಾಕಿ ಬಿಗಿಯಬೇಕು.

ಸ್ವಿಚ್ಚು ಒತ್ತಿದೆ. ಮೊದಲು ಒಂದು ಭಾರವಾದ ಗೊರಗೊರ ಸದ್ದು. ನೆಲದ ಮೇಲೆ ಚಪ್ಪಟೆಯಾಗಿ ಬಿದ್ದಿದ್ದ ಹೋಸು ಗಟ್ಟಿಯಾಗಿ, ಗುಂಡಗಾಗಿ, ಸ್ವಲ್ಪ ಅಲುಗಾಡಿ, ಇಳಿಜಾರು ಹತ್ತತೊಡಗಿತು. ಅಪ್ಪ ಹೋಸಿನ ಮೇಲೆ ಅಂಗೈ ಇಟ್ಟು ನೋಡಿದರು. ತೋಟದಲ್ಲಿ ಪೈಪಿನ ಮೇಲೆ ಕೈ ಇಟ್ಟು ನೀರು ಬರುತ್ತಿದೆಯಾ ಅಂತ ನೋಡುವುದು ಅವರಿಗೆ ಅಭ್ಯಾಸ. ಒಂದೆರಡು ನಿಮಿಷ ಕಳೆದಮೇಲೆ ‘ಏರ್ ಹಿಡೀತಿದೆ, ಆಫ್ ಮಾಡು’ ಅಂದರು. ನನಗಿಂತ ಒಂದು ಗಳಿಗೆ ಮುಂಚೆ ಅವರಿಗೆ ಕೇಳಿಸಿತ್ತು. ಟ್ಯಾಂಕು ಖಾಲಿಯಾಗುತ್ತಾ ಬಂದ ಹಾಗೆ ಮೋಟರಿನ ಸದ್ದು ಸಣ್ಣದಾಗಿ ಮೇಲಕ್ಕೆ ಏರುತ್ತದೆ. ಆ ಸದ್ದಿಗೆ ಕಿವಿ ಪಳಗಿದರೆ ಪಂಪು ಎಷ್ಟೋ ವರ್ಷ ಬಾಳುತ್ತದೆ. ಆಮೇಲೆ ಗ್ರೇ ಟ್ಯಾಂಕಿನ ವಾಲ್ವ್ ತೆಗೆದೆವು. ಸೋಪಿನ ನೀರು ಹೋಗಿ ಪಂಪು, ಹೋಸು ಎರಡನ್ನೂ ತೊಳೆಯುತ್ತದೆ, ಅದಕ್ಕೇ ಯಾವಾಗಲೂ ಬ್ಲ್ಯಾಕ್ ಮೊದಲು, ಗ್ರೇ ಆಮೇಲೆ. ಕೊನೆಗೆ ಹೋಸನ್ನು ಗಾಡಿಯ ಕಡೆಯಿಂದ ಒಂದೊಂದೇ ಮಾರು ಎತ್ತುತ್ತಾ ನಡೆದರೆ ಒಳಗೆ ಉಳಿದದ್ದು ಕ್ಲೀನ್‌ಔಟಿಗೆ ಇಳಿಯುತ್ತದೆ. ಅದನ್ನು ಅಪ್ಪ ಮಾಡಿದರು. ನಾನು ಬೇಡ ಅಂದರೂ ಕೇಳಲಿಲ್ಲ, ಗ್ಲೌಸ್ ಇಸಕೊಂಡು ಹಾಕಿಕೊಂಡರು. ಅವರ ಕಾಫಿ ಅಲ್ಲೇ ಆರಿಹೋಗಿತ್ತು.

ಗುಲಾಬಿ ಗಿಡದ ಹತ್ತಿರ ಕ್ಲೀನ್‌ಔಟಿನ ಮುಚ್ಚಳ ತಿರುಗಿಸುವಾಗ ಅಪ್ಪ ಮೈಸೂರಿನ ಮಾತು ತೆಗೆದರು. 1960ರ ದಶಕದಲ್ಲಿ ಅಪ್ಪ ಅಲ್ಲಿ ಓದಿದ್ದು. ಬಾಡಿಗೆ ರೂಮು ಇದ್ದ ವಠಾರದ ಹಿಂದೆ ಕನ್ಸರ್ವೆನ್ಸಿ ಗಲ್ಲಿ. ಮೈಸೂರು, ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಎರಡು ಸಾಲು ಮನೆಗಳ ಬೆನ್ನಿಗೆ ಇಂಥ ಗಲ್ಲಿಗಳು ಇವತ್ತಿಗೂ ಇವೆ. ವಠಾರದ ಕಕ್ಕಸಿಗೆ ಗಲ್ಲಿಯ ಕಡೆಯಿಂದ ಮೊಣಕಾಲೆತ್ತರದ ಒಂದು ಚಿಕ್ಕ ಬಾಗಿಲಿತ್ತಂತೆ. ಬೆಳಗಿನ ಜಾವ ಅದನ್ನು ತೆಗೆದು ಡಬ್ಬ ಎಳೆದು ಹೊತ್ತುಕೊಂಡು ಹೋಗುತ್ತಿದ್ದರು.

‘ತಗಡಿನ ಸದ್ದು ಕೇಳೋದು ಕಣಮ್ಮಾ. ಓದ್ಕೊಂಡು ಕೂತಿರ್ತಿದ್ದೆ. ಒಂದು ದಿನಾನೂ ಆ ಮನುಷ್ಯನ ಮುಖ ನೋಡ್ಲಿಲ್ಲ. ಗಂಡಸೋ ಹೆಂಗಸೋ, ಅದೂ ಗೊತ್ತಿಲ್ಲ.’

ಅಷ್ಟು ಹೇಳಿ ಕೈ ತೊಳೆಯಲು ಹೋದರು. ಅಪ್ಪ ಆ ವಿಷಯ ಮತ್ತೆ ಎತ್ತಲಿಲ್ಲ. ನಾನು ಅದನ್ನು ಇವತ್ತಿಗೂ ತಲೆಯಿಂದ ತೆಗೆಯಲು ಆಗಿಲ್ಲ.

ಚೊಂಬಿನ ನೀರು

ನಡುವೆ ಒಂದು ಮಾತು. ಆರ್‌ವಿಯ ಟಾಯ್ಲೆಟ್ ನಮ್ಮಂಥವರಿಗೆ ಹೊಂದುವುದಿಲ್ಲ, ಅದು ಪೇಪರ್ ಬಳಸುವವರಿಗೆ ಅಂತ ಬಹಳ ಜನ ಹೇಳುತ್ತಾರೆ. ವಿಷಯ ಇದಕ್ಕೆ ತಿರುಗಾಮುರುಗಾ. ಬ್ಲ್ಯಾಕ್ ಟ್ಯಾಂಕಿನ ದೊಡ್ಡ ಶತ್ರು ನೀರಿನ ಕೊರತೆ. ಒಣಗಿದ ಟ್ಯಾಂಕಿನಲ್ಲಿ ಗಟ್ಟಿ ಪದಾರ್ಥ ಪೈಪಿನ ಬಾಯಿ ಕೆಳಗೆ ಗೋಪುರದ ಹಾಗೆ ಕೂತುಬಿಡುತ್ತದೆ. ಸೀವರ್ ಹುಕ್‌ಅಪ್ ಇದೆಯಲ್ಲ ಅಂತ ಬ್ಲ್ಯಾಕ್ ವಾಲ್ವನ್ನು ತೆರೆದೇ ಇಟ್ಟರೆ ನೀರೆಲ್ಲ ಹರಿದುಹೋಗಿ ಉಳಿದದ್ದು ಗಟ್ಟಿಯಾಗುತ್ತದೆ. ಅದಕ್ಕೇ ಖಾಲಿ ಮಾಡಿದಮೇಲೆ ಮೊದಲು ಎರಡು ಮೂರು ಗ್ಯಾಲನ್ ನೀರು ಒಳಗೆ ಹುಯ್ಯಬೇಕು, ಟ್ಯಾಂಕು ಮುಕ್ಕಾಲು ಭಾಗ ಆಗುವ ತನಕ ವಾಲ್ವ್ ಮುಚ್ಚಿರಬೇಕು. ಚೊಂಬಿನಲ್ಲಿ ನೀರು ಬಳಸುವವರ ಟ್ಯಾಂಕು ಬೇಗ ತುಂಬುತ್ತದೆ, ಅದು ನಿಜ. ಆದರೆ ತುಂಬಿದ್ದು ಚೆನ್ನಾಗಿ ಹರಿಯುತ್ತದೆ, ಪಂಪಿಗೂ ಹಗುರ. ಅಮ್ಮ ಗಾಡಿಯೊಳಗೆ ಸ್ಟೀಲ್ ಚೊಂಬು ಇಟ್ಟುಕೊಂಡಿದ್ದರು. ಆ ಸಲ ಟ್ಯಾಂಕು ಇಳಿದಷ್ಟು ಸಲೀಸಾಗಿ ಯಾವತ್ತೂ ಇಳಿದಿರಲಿಲ್ಲ.

ಪಂಪನ್ನು ಕೆಡಿಸುವುದು ವೆಟ್ ವೈಪ್ಸು. ‘ಫ್ಲಶ್ ಮಾಡಬಹುದು’ ಅಂತ ಪ್ಯಾಕೆಟ್ ಮೇಲೆ ಬರೆದಿದ್ದರೂ ನಂಬಬೇಡಿ. ಅದು ಕರಗುವುದಿಲ್ಲ, ಬ್ಲೇಡಿಗೆ ಹಗ್ಗದ ಹಾಗೆ ಸುತ್ತಿಕೊಳ್ಳುತ್ತದೆ. ಉದ್ದ ಕೂದಲು, ಹಲ್ಲಿನ ಫ್ಲಾಸ್, ಪ್ಯಾಡು ಕೂಡ ಅಷ್ಟೇ. ಮೋಟರು ತಿರುಗದೆ ಸುಮ್ನೆ ಗುಂಯ್ ಅಂದು ಫ್ಯೂಸ್ ಹಾರುತ್ತದೆ. ಕೆಲವು ಪಂಪುಗಳಲ್ಲಿ ಮೋಟರಿನ ಹಿಂಬದಿ ಶಾಫ್ಟಿನ ತುದಿಗೆ ಒಂದು ಗೀರು ಇರುತ್ತದೆ. ಕರೆಂಟ್ ತೆಗೆದು, ಅಲ್ಲಿ ಸ್ಕ್ರೂಡ್ರೈವರ್ ಇಟ್ಟು ಹಿಂದೆ ಮುಂದೆ ತಿರುಗಿಸಿದರೆ ಬಿಟ್ಟುಕೊಳ್ಳುವುದುಂಟು. ಟ್ಯಾಂಕಿಗೆ ಫಾರ್ಮಾಲ್ಡಿಹೈಡ್ ಇರುವ ಔಷಧ ಹಾಕಬಾರದು, ಕ್ಯಾಲಿಫೋರ್ನಿಯಾದಲ್ಲಿ ಅದಕ್ಕೆ ನಿಷೇಧವೇ ಇದೆ. ವಾಸನೆ ಕೊಲ್ಲುವುದರ ಜೊತೆ ಮುಂದೆ ಕೊಳಕನ್ನು ಕರಗಿಸಬೇಕಾದ ಬ್ಯಾಕ್ಟೀರಿಯಾವನ್ನೂ ಅದು ಕೊಲ್ಲುತ್ತದೆ. ಇನ್ನು ಗ್ರೇ ಟ್ಯಾಂಕು. ನಮ್ಮ ಅಡುಗೆ ಮಾಡುವವರಿಗೆ ಬ್ಲ್ಯಾಕ್‌ಗಿಂತ ಇದೇ ಜಾಸ್ತಿ ನಾರುತ್ತದೆ. ಒಗ್ಗರಣೆ ಬಾಂಡಲಿಯ ಎಣ್ಣೆಯನ್ನು ಪೇಪರಿನಲ್ಲಿ ಒರೆಸಿ ಆಮೇಲೆ ತೊಳೆಯಿರಿ.

ಹಾಗಾದರೆ ಉಳಿದದ್ದು ಏನು?

ಒಳ್ಳೆ ಉಪಕರಣ ಇದ್ದರೆ ಇದು ಕಾಲು ಗಂಟೆಯ ಕೆಲಸ. ಕಾರಿನ ಆಯಿಲ್ ಬದಲಾಯಿಸುವುದಕ್ಕಿಂತ ಕೊಳೆ ಕಡಿಮೆ. ಮಗುವಿನ ಡೈಪರ್ ಬದಲಿಸಿದವರು, ಹಾಸಿಗೆ ಹಿಡಿದ ಹಿರಿಯರ ಬೆಡ್‌ಪ್ಯಾನ್ ತೊಳೆದವರು ಇದಕ್ಕಿಂತ ಎಷ್ಟೋ ಕಷ್ಟದ್ದನ್ನು ಪ್ರೀತಿಯಿಂದ ಮಾಡಿರುತ್ತಾರೆ. ಹಾಗಾಗಿ ಹೇಸಿಗೆ ಅನ್ನುವ ಕಾರಣ ನಿಲ್ಲುವುದಿಲ್ಲ. ನನಗೆ ಅನಿಸುವುದು ಇಷ್ಟು. ಇದು ಬೇರೆಯವರ ಕೆಲಸ ಅಂತ ನಮಗೆ ಎಳವೆಯಿಂದಲೇ ಗೊತ್ತಿದೆ. ಯಾರೂ ಬಾಯಿಬಿಟ್ಟು ಹೇಳಿಕೊಟ್ಟಿಲ್ಲ. ಗಲ್ಲಿಯ ಕಡೆ ಚಿಕ್ಕ ಬಾಗಿಲು ಇಟ್ಟು ಮನೆ ಕಟ್ಟಿದ್ದರು, ಅದೇ ಪಾಠ. ಮಾಡುವವರ ಜಾತಿ ಗೊತ್ತಿತ್ತು, ಮುಖ ಗೊತ್ತಿರಲಿಲ್ಲ. ಸಮುದ್ರ ದಾಟಿ ಬಂದು, ಇಲ್ಲಿ ನಮ್ಮ ಹುಲ್ಲು ನಾವೇ ಕತ್ತರಿಸಿ, ನಮ್ಮ ಪಾತ್ರೆ ನಾವೇ ತೊಳೆದು, ನಮ್ಮ ಬಾತ್‌ರೂಮ್ ನಾವೇ ಉಜ್ಜುವವರು ಕೂಡ ಈ ಒಂದು ವಾಲ್ವಿನ ಮುಂದೆ ಕೈ ಹಿಂದೆ ತೆಗೆದುಕೊಳ್ಳುತ್ತೇವೆ. ಮನೆಯ ಕಮೋಡಿನಲ್ಲಿ ಅದು ಕಣ್ಣ ಮುಂದಿನಿಂದ ಹೋಗಿಬಿಡುತ್ತದೆ. ಆರ್‌ವಿಯಲ್ಲಿ ಮಾತ್ರ ಅದು ಹೋಗದೆ ನಮ್ಮ ಜೊತೆಯೇ ಪ್ರಯಾಣ ಮಾಡುತ್ತದೆ, ಕೊನೆಗೆ ನಾವೇ ಇಳಿದು ಸಾಗಿಸಬೇಕು.

ಇದನ್ನು ದೊಡ್ಡ ಮಾತು ಅಂತ ಹೇಳುತ್ತಿಲ್ಲ. ನಮ್ಮ ರಾಜ್ಯದ ಚರಿತ್ರೆ ಗೊತ್ತಿರುವವರಿಗೆ ಈ ಕೆಲಸ ಎಷ್ಟು ಜೀವ ಹಿಂಡಿದೆ ಅಂತ ಗೊತ್ತು. 1970ರ ದಶಕದಲ್ಲಿ ದೇವರಾಜ ಅರಸರ ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ದೇಶಕ್ಕೆ ಕಾನೂನು ಬಂದದ್ದು 1993ರಲ್ಲಿ, ಇನ್ನೊಂದು ಬಿಗಿಯಾದ ಕಾನೂನು 2013ರಲ್ಲಿ. ಇವೆರಡರ ನಡುವೆ, 2010ರಲ್ಲಿ, ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಇದೇ ಕೆಲಸಕ್ಕೆ ದೂಡಲ್ಪಟ್ಟ ಭಂಗಿ ಸಮುದಾಯದವರು ತಾವಿದ್ದ ಜಾಗ ಬಿಡಿಸುತ್ತಾರೆ ಅಂತ ಪುರಸಭೆಯ ಎದುರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ಆ ಫೋಟೋ ಪತ್ರಿಕೆಯಲ್ಲಿ ನೋಡಿದವರು ಮರೆತಿರಲಾರರು. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಬೇಕಾಯಿತು ಅಂದರೆ, ಸಾಯುವುದು ಆಗಲೂ ನಿಂತಿರಲಿಲ್ಲ ಅಂತಾಯಿತು. ಪಂಪು, ಹೋಸು, ನೀರಿನ ಒತ್ತಡದಿಂದ ಚರಂಡಿ ಬಿಡಿಸುವ ಜೆಟ್ಟಿಂಗ್ ಯಂತ್ರ ಯಾವುದೂ ಹೊಸ ಆವಿಷ್ಕಾರ ಅಲ್ಲ. 12 ವೋಲ್ಟಿನಲ್ಲಿ ನನ್ನ ಮನೆಯ ಪಕ್ಕ ನಡೆಯುವ ಕೆಲಸಕ್ಕೆ ಅಲ್ಲಿ ಮನುಷ್ಯನನ್ನು ಗುಂಡಿಗೆ ಇಳಿಸುವುದು ಯಂತ್ರ ಇಲ್ಲದ್ದಕ್ಕೆ ಅಲ್ಲ. ಇಳಿಯುವವನ ಜೀವ ಅಗ್ಗ ಅಂತ ಲೆಕ್ಕ ಹಾಕಿದ್ದಕ್ಕೆ. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ, ಬರಲಿ.

ಈಗ ನಮ್ಮೂರಲ್ಲೂ

ಬೆಂಗಳೂರಿನಲ್ಲೂ ಈಗ ಕ್ಯಾಂಪರ್‌ವ್ಯಾನ್ ಬಾಡಿಗೆಗೆ ಸಿಗುತ್ತದೆ. ಕೂರ್ಗ್, ಚಿಕ್ಕಮಗಳೂರು, ಗೋಕರ್ಣದ ಕಡೆ ಅದರಲ್ಲಿ ಹೋಗಿಬಂದ ನಮ್ಮ ನೆಂಟರು ಫೋಟೋ ಕಳಿಸುತ್ತಾರೆ. ನನಗೆ ಖುಷಿಯೇ. ಆದರೆ ಆ ಫೋಟೋಗಳಲ್ಲಿ ಟಾಯ್ಲೆಟ್ ಕಂಡಾಗಲೆಲ್ಲ ಅದರ ಟ್ಯಾಂಕು ಎಲ್ಲಿ ಖಾಲಿಯಾಗುತ್ತದೆ ಅಂತ ನೋಡುತ್ತೇನೆ. ಇಲ್ಲಿಯ ಹಾಗೆ ಹೆದ್ದಾರಿಯಲ್ಲಿ, ಪೆಟ್ರೋಲ್ ಬಂಕಿನಲ್ಲಿ ಡಂಪ್ ಸ್ಟೇಷನ್ ಸಿಗುವ ವ್ಯವಸ್ಥೆ ಅಲ್ಲಿ ಬೆಳೆದಿಲ್ಲ. ಹಳ್ಳದ ಪಕ್ಕ ನಿಲ್ಲಿಸಿ ವಾಲ್ವ್ ಎಳೆದರೆ ಕೆಳಗಿನ ಊರಿನವರು ಅದೇ ನೀರು ಕುಡಿಯುತ್ತಾರೆ. ವ್ಯಾನ್ ಹಿಂತಿರುಗಿಸಿದ ಮೇಲೆ ಶೆಡ್ಡಿನಲ್ಲಿ ಯಾರೋ ಒಬ್ಬ ಹುಡುಗ ಬರಿಗೈಯಲ್ಲಿ ಅದನ್ನು ತೆಗೆಯುವುದಾದರೆ, ಅದು ಅದೇ ಹಳೇ ಗಲ್ಲಿಯ ಬಾಗಿಲು.

ಮಾಡುವುದು ಕಷ್ಟವೇನಲ್ಲ. ದೇವನಹಳ್ಳಿಯಲ್ಲಿ 2015ರಿಂದ ಶೌಚಗುಂಡಿಯ ಕೆಸರನ್ನು ಸಂಸ್ಕರಿಸುವ ಘಟಕ ಇದೆ. ಸಕ್ಕಿಂಗ್ ಲಾರಿ ಗುಂಡಿಯಿಂದ ಎಳೆದು ತಂದದ್ದನ್ನು ಅಲ್ಲಿ ಕೊಳೆಸಿ, ಒಣಗಿಸಿ, ಊರಿನ ಹಸಿ ಕಸದ ಜೊತೆ ಸೇರಿಸಿ ಗೊಬ್ಬರ ಮಾಡುತ್ತಾರೆ. ಲಾರಿಯಿಂದ ತೆಗೆದುಕೊಳ್ಳುವ ಘಟಕಕ್ಕೆ ಒಂದು ವ್ಯಾನಿನ ನೂರು ಲೀಟರ್ ಯಾವ ಲೆಕ್ಕ? ಒಳಚರಂಡಿ ಇರುವ ಊರುಗಳಲ್ಲಿ ಕೆಎಸ್‌ಟಿಡಿಸಿಯ ಮಯೂರ ಹೋಟೆಲುಗಳ ಅಂಗಳದಲ್ಲಿ ಒಂದು ಮುಚ್ಚಳದ ಪೈಪು, ಪಕ್ಕದಲ್ಲಿ ತೊಳೆಯಲು ಒಂದು ನಲ್ಲಿ, ‘ಕುಡಿಯುವ ನೀರಲ್ಲ’ ಅಂತ ಒಂದು ಬೋರ್ಡು ಇಟ್ಟರೆ ಸಾಕು. ಅಂಗಳ ಏರಿನಲ್ಲಿರಲಿ, ತಗ್ಗಿನಲ್ಲಿರಲಿ, ವ್ಯಾನಿನಲ್ಲಿ ಮ್ಯಾಸರೇಟರ್ ಪಂಪು ಇದ್ದರೆ ನಡೆಯುತ್ತದೆ. ಬಾಡಿಗೆಗೆ ಕೊಡುವವರು ಹಾಸಿಗೆ, ಒಲೆ ತೋರಿಸುವ ಹಾಗೆಯೇ ಪಂಪನ್ನೂ ಗ್ಲೌಸನ್ನೂ ತೋರಿಸಿ, ಖಾಲಿ ಮಾಡುವುದನ್ನು ಗಿರಾಕಿಗೇ ಕಲಿಸಿ ಕಳಿಸಲಿ. ಹತ್ತು ನಿಮಿಷ ಸಾಕು. ತಿಪಟೂರಿನ ಕಡೆ ಯಾರಾದರೂ ಇದನ್ನು ಶುರು ಮಾಡುವುದಾದರೆ ಕಲಿಸಿಕೊಡಲು ಅಪ್ಪ ಇದ್ದಾರೆ, ಅವರನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.